ಪೆಡಲ್ ಇರೋ ಚರ್ಚ್ ಆರ್ಗನ್‌ನಲ್ಲಿ ‘ಓಲ್ಡ್ ಹಂಡ್ರೆಡ್ತ್’: ನಾದ ಕಲಸಿಹೋಗತ್ತೆ, ಸಭೆ ಎಳೆಯತ್ತೆ, ಏನು ಮಾಡೋದು?

ಕೋಲಾರ_ಕೀಬೋರ್ಡ್ ಕೇಳಿದ್ದು:

ಎಲ್ಲರಿಗೂ ಸ್ತೋತ್ರ. ನಮ್ಮದು ಕೋಲಾರದ ಕನ್ನಡ ಸಭೆ. ಇಷ್ಟು ದಿನ ಆರಾಧನೆಗೆ ಮಾಮೂಲಿ 61 ಕೀ ಕೀಬೋರ್ಡ್ ಇತ್ತು. ಈಗ ಬೆಂಗಳೂರಿನ ಒಂದು ಸಭೆಯವರು ತಮ್ಮ ಹಳೇ ಡಿಜಿಟಲ್ ಚರ್ಚ್ ಆರ್ಗನ್ ಕೊಟ್ಟಿದ್ದಾರೆ. ಕೈಗೆ ಎರಡು ಸಾಲು, ಕಾಲಿಗೆ 30 ಪೆಡಲ್, ಎಡಕ್ಕೂ ಬಲಕ್ಕೂ ನಾದದ ಬಗೆ ಆರಿಸೋ ಸ್ಟಾಪ್‌ಗಳು. ಕಾಣಿಕೆ ಆದಮೇಲೆ ಹಾಡುವ ಸ್ತುತಿಗೀತೆಯ ರಾಗ ಓಲ್ಡ್ ಹಂಡ್ರೆಡ್ತ್, ಅದನ್ನ ಇದರಲ್ಲೇ ನುಡಿಸಬೇಕು ಅಂತ ಅಯ್ಯನವರ (ಪಾಸ್ಟರ್) ಆಸೆ.

ತೊಂದರೆ ಇಷ್ಟು. ಕೀಬೋರ್ಡಲ್ಲಿ ಚೆನ್ನಾಗಿ ಕೇಳೋ ಅದೇ ಬೆರಳು ಇಲ್ಲಿ ಎಲ್ಲಾ ಒಂದರ ಮೇಲೊಂದು ಕಲಸಿಹೋಗತ್ತೆ. ಮೂರನೇ ಚರಣಕ್ಕೆ ಬರೋ ಹೊತ್ತಿಗೆ ಸಭೆ ಎಳೆದೂ ಎಳೆದೂ ಅರ್ಧ ವೇಗಕ್ಕೆ ಬಂದಿರತ್ತೆ. ಸೌಂಡ್ ಜಾಸ್ತಿ ಮಾಡಿದರೂ ಸರಿಹೋಗಲ್ಲ. ಕಾಲು ಎಲ್ಲಿಡಬೇಕು ಗೊತ್ತಿಲ್ಲ. ಯಾವ ಸ್ಟಾಪ್ ಎಳೆಯಬೇಕು ಅನ್ನೋದೂ ಗೊತ್ತಿಲ್ಲ. ಕಟ್ಟಡ ಸುಮಾರು 20 ಮೀಟರ್ ಉದ್ದ, ಹೆಂಚಿನ ಮಾಡು. ಆರ್ಗನ್ ಮುಂದೆ ಎಡಗಡೆ, ಸ್ಪೀಕರ್ ಅದರ ಪಕ್ಕದಲ್ಲೇ. ಮಾಮೂಲಿ ಭಾನುವಾರ 80 ಜನ, ಹಬ್ಬಕ್ಕೆ 300. ಸ್ಟಾಫ್ ನೊಟೇಶನ್ ನಿಧಾನವಾಗಿ ಓದ್ತೀನಿ, ಡೋ ರೇ ಮಿ ಚೆನ್ನಾಗಿ ಬರತ್ತೆ.

ತುಮಕೂರು_ಸ್ವರ ಉತ್ತರ:

ಮೊದಲು ಕಲಸಿಹೋಗೋ ವಿಷಯ. ಪಿಯಾನೋ ಸ್ವರ ಒತ್ತಿದ ಕ್ಷಣದಿಂದ ತಾನಾಗಿ ಸಾಯ್ತಾ ಹೋಗತ್ತೆ. ಆರ್ಗನ್ ಸ್ವರ ಬೆರಳು ಎತ್ತೋವರೆಗೂ ಒಂದೇ ಸಮ ನಿಂತಿರತ್ತೆ. ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಸದ್ದು ಅಷ್ಟೇ. ಹಾಗಾಗಿ ಇಲ್ಲಿ ತಾಳ ತಿಳಿಸೋದು ಒತ್ತುವುದರಿಂದಲ್ಲ, ಎತ್ತುವುದರಿಂದ. ಕೀಬೋರ್ಡ್ ನುಡಿಸುವವರ ಕಿವಿ ಸ್ವರ ಶುರುವಾಗೋದನ್ನ ಮಾತ್ರ ಕೇಳಿಸಿಕೊಳ್ಳತ್ತೆ, ಮುಗಿಯೋದನ್ನ ಕೇಳಿಸಿಕೊಳ್ಳಲ್ಲ. ಆರ್ಗನ್‌ನಲ್ಲಿ ಎರಡೂ ಸಮ ಮುಖ್ಯ.

ರಾಗವನ್ನೇ ತಗೊಳ್ಳಿ. ಜಿ ಮೇಜರ್‌ನಲ್ಲಿ ನಾಲ್ಕು ಸಾಲು, ಸಾಲಿಗೆ ಎಂಟು ಸ್ವರ:

ಜಿ ಜಿ ಎಫ್‌ಶಾರ್ಪ್ ಇ ಡಿ ಜಿ ಎ ಬಿ
ಬಿ ಬಿ ಬಿ ಎ ಜಿ ಸಿ ಬಿ ಎ
ಜಿ ಎ ಬಿ ಎ ಜಿ ಇ ಎಫ್‌ಶಾರ್ಪ್ ಜಿ
ಮೇಲಿನ ಡಿ, ಬಿ ಜಿ ಎ ಸಿ ಬಿ ಎ ಜಿ

ಮೊದಲ ಸಾಲಿನ ಜಿ ಜಿ, ಎರಡನೇ ಸಾಲಿನ ಬಿ ಬಿ ಬಿ ನೋಡಿ. ಇವನ್ನ ಅಂಟಿಸಿ ನುಡಿಸಿದರೆ ಸಭೆಗೆ ಕೇಳೋದು ಒಂದೇ ಉದ್ದನೆಯ ಸ್ವರ. ಎಷ್ಟು ಅಕ್ಷರ ಹಾಡಿಯಾಯ್ತು ಅಂತ ಅವರಿಗೆ ತಿಳಿಯಲ್ಲ, ಎಳೆತ ಶುರುವಾಗೋದೇ ಅಲ್ಲಿಂದ. ಅದೇ ಸ್ವರ ಮತ್ತೆ ಬಂದಾಗ ಮೊದಲನೆಯದನ್ನ ಅರ್ಧ ಎಣಿಕೆಗೆ ಎತ್ತಿಬಿಡಿ. ಅರ್ಧ ನಾದ, ಅರ್ಧ ಮೌನ, ಆಮೇಲೆ ಮುಂದಿನದು. ಹೆಂಚಿನ ಮಾಡಿನ ಕಟ್ಟಡದಲ್ಲಿ ಗುಂಗು ಕಡಿಮೆ, ಕಾಲು ಎಣಿಕೆ ಮೌನವೂ ಸಾಕಾಗಬಹುದು. ಹಿಂದಿನ ಬೆಂಚಲ್ಲಿ ಒಬ್ಬರನ್ನ ಕೂರಿಸಿ ‘ಎರಡು ಕೇಳಿಸ್ತಾ, ಒಂದಾ?’ ಅಂತ ಕೇಳಿ ತೀರ್ಮಾನಿಸಿ.

ಈ ಎತ್ತುವಿಕೆ ಮೇಲಿನ ರಾಗಕ್ಕೆ ಕಡ್ಡಾಯ. ಹಾಡಿಗೆ ನಾಲ್ಕು ಭಾಗ ಇರತ್ತೆ, ಮೇಲೆ ರಾಗ, ಕೆಳಗೆ ಬೇಸ್; ನಡುವಿನ ಆಲ್ಟೋ, ಟೆನರ್‌ನಲ್ಲಿ ಅದೇ ಸ್ವರ ಮುಂದುವರಿದರೆ ಹಿಡಿದೇ ಇರಿ, ನಾದಕ್ಕೆ ಹಂದರ ಸಿಗತ್ತೆ. ನಾಲ್ಕೂ ಭಾಗ ಒಟ್ಟಿಗೆ ಎತ್ತಿ ಒಟ್ಟಿಗೆ ಒತ್ತಿದರೆ ಕುಟ್ಟಿದ ಹಾಗಾಗತ್ತೆ. ಬೇರೆ ಬೇರೆ ಸ್ವರಗಳ ನಡುವೆ ಮಾತ್ರ ಪೂರ್ತಿ ಅಂಟಿಸಿ. ಅದಕ್ಕೆ ಬೆರಳು ಬದಲಾವಣೆ ಕಲಿಯಬೇಕು, ಅಂದರೆ ಒತ್ತಿಹಿಡಿದ ಕೀಯ ಮೇಲೇ 4ನೇ ಬೆರಳಿನ ಜಾಗಕ್ಕೆ 5ನೆಯದನ್ನೋ 3ನೆಯದನ್ನೋ ತರೋದು. ಸ್ವರ ಹಿಡಿದಿಡೋ ಸಸ್ಟೇನ್ ಪೆಡಲನ್ನೇ ನೆಚ್ಚಿಕೊಂಡಿದ್ದ ಕೈಗೆ ಇದು ಹೊಸದು. ದಿನಾ 10 ನಿಮಿಷ ಬರೀ ಇದಕ್ಕೇ ಕೊಡಿ.

ಸಾಲಿನ ಕೊನೆಗೆ ನಾಲ್ಕೂ ಭಾಗ, ಪೆಡಲೂ ಸೇರಿ, ಒಟ್ಟಿಗೆ ಮೇಲೆ. ಎಂಟನೇ ಸ್ವರಕ್ಕೆ ಎರಡು ಎಣಿಕೆ ಅಂತಿಟ್ಟುಕೊಳ್ಳಿ, ಒಂದೂವರೆ ನಾದ, ಅರ್ಧ ಉಸಿರು. ಆಗ ಸಾಲಿಗೆ 9 ಎಣಿಕೆ, ಚರಣಕ್ಕೆ 36. ನಿಮಿಷಕ್ಕೆ 72 ಎಣಿಕೆ ಇಟ್ಟರೆ ಒಂದು ಚರಣ ಸರಿಯಾಗಿ 30 ಸೆಕೆಂಡ್. ಗಡಿಯಾರ ಇಟ್ಟುಕೊಂಡು ನೋಡಿ. ಮೂರನೇ ಚರಣ 36 ಸೆಕೆಂಡಿಗೆ ಹೋದರೆ ವೇಗ 60ಕ್ಕೆ ಬಿದ್ದಿದೆ ಅಂತ ಅರ್ಥ.

ಎಳೆತಕ್ಕೆ ಇನ್ನೊಂದು ಕಾರಣ ನಿಮ್ಮ ಕಟ್ಟಡದಲ್ಲೇ ಇದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 20 ಮೀಟರ್ ಆಚೆಯ ಕೊನೆಯ ಬೆಂಚಿಗೆ ಆರ್ಗನ್ ತಲುಪೋಕೆ ಸುಮಾರು 0.06 ಸೆಕೆಂಡ್, ಅವರ ದನಿ ನಿಮಗೆ ವಾಪಸ್ ಬರೋಕೆ ಇನ್ನೊಂದು 0.06. ಒಟ್ಟು 0.12. ಅವರು ನಿಮ್ಮ ಜೊತೆ ಕರಾರುವಾಕ್ಕಾಗಿ ಹಾಡ್ತಿದ್ದರೂ ನಿಮ್ಮ ಕಿವಿಗೆ ತಡವಾಗೇ ಕೇಳತ್ತೆ. 72ರ ವೇಗದಲ್ಲಿ ಒಂದು ಎಣಿಕೆ 0.83 ಸೆಕೆಂಡ್. ಪ್ರತಿ ಎಣಿಕೆಗೂ ಅವರಿಗೋಸ್ಕರ 0.12 ಕಾದರೆ ಎಣಿಕೆ 0.95 ಆಗತ್ತೆ, ವೇಗ 63ಕ್ಕೆ ಇಳಿಯತ್ತೆ. ಅವರು ಮತ್ತೆ ನಿಮಗೋಸ್ಕರ ಕಾಯ್ತಾರೆ. ಹೀಗೇ ಇಳೀತಾ ಹೋಗತ್ತೆ. ಹಾಗಾಗಿ ಆರಾಧನೆಯ ಹೊತ್ತಲ್ಲಿ ಸಭೆಯ ದನಿಯನ್ನ ತಾಳಕ್ಕಾಗಿ ಕೇಳಬೇಡಿ, ಪದಗಳನ್ನ ಬಾಯೊಳಗೆ ನೀವೇ ಹಾಡಿಕೊಂಡು ಅದಕ್ಕೆ ನುಡಿಸಿ. ಕೇಳೋದು ಅಸಭ್ಯ ಅಂತಲ್ಲ, ಕೇಳಿಸೋದು ಹಳೇ ಸುದ್ದಿ ಅಷ್ಟೇ.

ಸೌಂಡ್ ಜಾಸ್ತಿ ಮಾಡಿದರೆ ಯಾಕೆ ಸರಿಹೋಗಲಿಲ್ಲ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಜೋರಾದ ಅಂಟುಸ್ವರದಲ್ಲೂ ತಾಳದ ಗುರುತು ಇರಲ್ಲ. ಮೌನ ಬೇಕು.

ನಂದಿ_ಪಕ್ಕ (ಚಿಕ್ಕಬಳ್ಳಾಪುರ) ಉತ್ತರ:

ಮೇಲಿನ ಉತ್ತರಕ್ಕೆ ಸೇರಿಸ್ತೀನಿ. ನಾನು ಸ್ಟಾಪ್, ಕಾಲು ಎರಡರ ಬಗ್ಗೆ ಹೇಳ್ತೀನಿ.

ಸ್ಟಾಪ್ ಮೇಲಿನ ಅಂಕಿ ಅಡಿ ಲೆಕ್ಕ. 8 ಅಡಿ ಅಂದರೆ ಒತ್ತಿದ ಸ್ವರವೇ ಬರತ್ತೆ, ನಿಜವಾದ ಪೈಪ್ ಆರ್ಗನ್‌ನಲ್ಲಿ ಅತಿ ಕೆಳಗಿನ ಸಿ ಕೊಳವೆ ಸುಮಾರು 8 ಅಡಿ ಉದ್ದ ಇರೋದರಿಂದ ಆ ಹೆಸರು. 4 ಅಡಿ ಒಂದು ಸ್ಥಾಯಿ ಮೇಲೆ, 2 ಅಡಿ ಎರಡು ಸ್ಥಾಯಿ ಮೇಲೆ, 16 ಅಡಿ ಒಂದು ಸ್ಥಾಯಿ ಕೆಳಗೆ. ನಾದ ಕಲಸಿಹೋಗ್ತಿದೆ ಅಂದಿರಲ್ಲ, ಕೈಸಾಲಿನಲ್ಲಿ 16 ಅಡಿ ಸ್ಟಾಪ್ ಎಳೆದಿದ್ದೀರಾ ನೋಡಿ. ಸಭೆ ಹಾಡುವಾಗ ಕೈಗೆ 16 ಬೇಡವೇ ಬೇಡ, ಅದು ಕಾಲಿನದು. ಎರಡನೇ ಅನುಮಾನ ಟ್ರೆಮ್ಯುಲೆಂಟ್. ನಾದ ನಡುಗಿಸೋ ಆ ಸ್ಟಾಪ್ ಒಬ್ಬರೇ ಹಾಡುವಾಗ ಚೆಂದ, 80 ಜನಕ್ಕೆ ಶ್ರುತಿಯೇ ಸಿಗಲ್ಲ. ಮೂರನೆಯದು, ಎಂಟಡಿಯ ಸ್ಟಾಪ್‌ಗಳನ್ನೇ ನಾಲ್ಕೈದು ಎಳೆಯೋದು. ದಪ್ಪ ಆಗತ್ತೆ, ಸ್ಪಷ್ಟ ಆಗಲ್ಲ. ಸ್ಪಷ್ಟತೆ ಬರೋದು ಮೇಲಿನ ಸ್ಥಾಯಿಯಿಂದ.

80 ಜನಕ್ಕೆ ಗ್ರೇಟ್ ಸಾಲಿನಲ್ಲಿ (ಎರಡರಲ್ಲಿ ಕೆಳಗಿನ ಕೈಸಾಲು) ಡಯಾಪೇಸನ್ 8, ಪ್ರಿನ್ಸಿಪಲ್ 4 ಸಾಕು (ಕೆಲವು ಆರ್ಗನ್‌ನಲ್ಲಿ ಎಂಟರದ್ದಕ್ಕೂ ಪ್ರಿನ್ಸಿಪಲ್, ನಾಲ್ಕರದ್ದಕ್ಕೆ ಆಕ್ಟೇವ್ ಅಂತ ಇರತ್ತೆ). ಪೆಡಲಿಗೆ ಬೋರ್ಡನ್ 16, ಫ್ಲೂಟ್ 8. ಎರಡನೇ ಚರಣಕ್ಕೆ 2 ಅಡಿಯದು ಸೇರಿಸಿ. ಪ್ರಾರ್ಥನೆಯ ಭಾವದ ಚರಣ ಬಂದರೆ ಕೈ ಎರಡನ್ನೂ ಮೇಲಿನ ಸ್ವೆಲ್ ಸಾಲಿಗೆ ತಂದು ಫ್ಲೂಟ್ 8, ಫ್ಲೂಟ್ 4 ಮಾತ್ರ. ಆಗ ಗ್ರೇಟ್ ಸಾಲಿನ ನಾದವನ್ನ ಕಾಲಿಗೂ ಜೋಡಿಸೋ ‘ಗ್ರೇಟ್ ಟು ಪೆಡಲ್’ ಕಪ್ಲರ್ ಎಳೆದಿದ್ದರೆ ತೆಗೀರಿ, ಇಲ್ಲದಿದ್ದರೆ ಕೈ ಮೆಲ್ಲಗೆ ಕಾಲು ಜೋರು ಆಗತ್ತೆ. ಕೊನೇ ಚರಣಕ್ಕೆ ಮತ್ತೆ ಗ್ರೇಟ್, ಮಿಕ್ಸ್ಚರ್ (ಮೇಲಿನ ಸ್ಥಾಯಿಯ ಸ್ವರಗಳನ್ನ ಒಟ್ಟಿಗೆ ಕೊಡೋ ಸ್ಟಾಪ್) ಸೇರಿಸಿ. ಟ್ರಂಪೆಟ್ ಸ್ಟಾಪ್ ಹಬ್ಬದ 300 ಜನಕ್ಕೆ ಇಟ್ಟುಕೊಳ್ಳಿ. ಸ್ಟಾಪ್ ಬದಲಾವಣೆ ಚರಣಗಳ ನಡುವೆ ಮಾತ್ರ, ಸಾಲಿನ ಮಧ್ಯ ಬೇಡ. ಕೈಸಾಲಿನ ಕೆಳಗೆ ಗುಂಡಿಗಳಿದ್ದರೆ ಅವು ಪಿಸ್ಟನ್. 1, 2, 3, 4ಕ್ಕೆ ಈ ನಾಲ್ಕು ಚರಣದ ಜೋಡಣೆ ಉಳಿಸಿಟ್ಟರೆ ಒಂದೇ ಒತ್ತಿಗೆ ಬದಲಾಗತ್ತೆ.

ಸ್ಪೀಕರ್ ಬಗ್ಗೆ ಒಂದು ಮಾತು. ಆರ್ಗನ್ನಿನ ತಂತಿಯನ್ನ ಪ್ರಸಂಗದ ಮೈಕಿನ ಆಂಪ್ಲಿಫಯರ್‌ಗೆ ಸಿಕ್ಕಿಸಿ ಹಾರ್ನ್ ಸ್ಪೀಕರಲ್ಲಿ ಬಿಡುವವರಿದ್ದಾರೆ. 16 ಅಡಿಯ ಕೆಳಗಿನ ಸಿ 32.7 ಹರ್ಟ್ಸ್, ಮಾತಿಗೆ ಮಾಡಿದ ಹಾರ್ನಿಂದ ಅದು ಹೊರಡೋದೇ ಇಲ್ಲ. ಪೆಡಲ್ ಒತ್ತಿದ ಟಕ್ ಮಾತ್ರ ಕೇಳತ್ತೆ. ಆರ್ಗನ್ನಿನದೇ ಸ್ಪೀಕರ್ ಇರಲಿ, ಸಾಧ್ಯವಾದರೆ ಜನರ ತಲೆಗಿಂತ ಎತ್ತರಕ್ಕೆ. ಮುಂದಿನ ಬೆಂಚಿನವರ ಕಿವಿ ಉಳಿಯತ್ತೆ, ಹಿಂದಿನವರಿಗೂ ಕೇಳತ್ತೆ.

ಇನ್ನು ಕಾಲು. ಚಪ್ಪಲಿ ಬಾಗಿಲಲ್ಲಿ ಬಿಡೋ ಸಭೆಗಳಲ್ಲಿ ಬರಿಗಾಲಲ್ಲೇ ಶುರುಮಾಡ್ತಾರೆ. ಬರಿಗಾಲಿಗೆ ಹಿಮ್ಮಡಿಯ ಎತ್ತರ ಸಿಗಲ್ಲ, ಮರದ ಅಂಚು ಬೆರಳ ಗಂಟಿಗೆ ಒತ್ತಿ ನೋವಾಗತ್ತೆ. ಸಾಕ್ಸ್ ಜಾರತ್ತೆ, ರಬ್ಬರ್ ಅಟ್ಟೆ ಅಂಟಿಕೊಳ್ಳತ್ತೆ. ತೆಳು ಚರ್ಮದ ಅಟ್ಟೆ, ಒಂದು ಇಂಚು ಹಿಮ್ಮಡಿ, ಮುಂದೆ ಕಿರಿದಾಗಿರೋ ಶೂ ಒಂದು ಜೊತೆ ಬಟ್ಟೆ ಚೀಲದಲ್ಲಿ ಆರ್ಗನ್ ಬೆಂಚಿನ ಕೆಳಗೇ ಇರಲಿ. ಅದನ್ನ ಹಾಕಿಕೊಂಡು ಹೊರಗೆ ಕಾಲಿಡಬೇಡಿ. ನಮ್ಮ ಕಡೆಯ ಮಣ್ಣಿನ ಕಾಳು ಅಟ್ಟೆಗೆ ಹತ್ತಿಕೊಂಡರೆ ಪೆಡಲ್ ಗೀರುತ್ತೆ, ಸಂದಿಗೂ ಇಳಿಯತ್ತೆ. ಹೀಗಂದರೆ ಹಿರಿಯರು ಯಾರೂ ಬೇಡ ಅನ್ನಲ್ಲ.

ಬೆಂಚಿನ ಎತ್ತರ: ಕೂತಾಗ ಎರಡೂ ಪಾದ ಪೆಡಲಿನ ಮೇಲೆ ಒತ್ತದೆ ಆನಿಕೊಂಡಿರಬೇಕು, ತೊಡೆ ಮಂಡಿಯ ಕಡೆ ಸ್ವಲ್ಪ ಇಳಿಜಾರಾಗಿರಬೇಕು. ಮಂಡಿ ಮೇಲೆದ್ದಿದ್ದರೆ ಬೆಂಚಿನ ಕಾಲಿಗೆ ಮರದ ತುಂಡು ಕೊಡಿ. ಅಡ್ಡಕ್ಕೆ, ಕಪ್ಪೂ ಸೇರಿಸಿ ಎಡದಿಂದ ಎಣಿಸಿದರೆ 15ನೇ ಪೆಡಲ್ ನಡುವಿನ ಡಿ. ಹೊಕ್ಕುಳು ಅದರ ಎದುರಿಗೆ ಬರಲಿ, ದಿನಾ ಅದೇ ಜಾಗ. ಇವತ್ತು ನಾಲ್ಕು ಇಂಚು ಎಡಕ್ಕೆ ಕೂತರೆ ನಿನ್ನೆ ಕಲಿತದ್ದೆಲ್ಲ ಎರಡು ಪೆಡಲ್ ಆಚೆ ಹೋಗತ್ತೆ. ಕೆಳಗೆ ನೋಡಬೇಡಿ. ಕಪ್ಪು ಪೆಡಲ್ ಎರಡು, ಮೂರರ ಗುಂಪಿನ ನಡುವಿನ ಸಂದಿಗೆ ಶೂ ತುದಿ ತಾಗಿಸಿ ಜಾಗ ಗುರುತಿಸೋದು ಅಭ್ಯಾಸ ಆಗಲಿ.

ಈ ರಾಗಕ್ಕೆ ಒಂದು ಸುಲಭದ ಬೇಸ್ ಕೊಡ್ತೀನಿ. ಎಲ್ಲಾ ಪಾದದ ತುದಿಯಲ್ಲೇ, ಹಿಮ್ಮಡಿ ಬೇಕಾಗಲ್ಲ.

ಸಾಲು ಒಂದು: ಜಿ ಜಿ ಡಿ ಇ ಬಿ ಇ ಡಿ ಜಿ. ಕಾಲು: ಬಲ ಬಲ ಎಡ ಬಲ ಎಡ ಬಲ ಎಡ ಬಲ.
ಸಾಲು ಎರಡು: ಜಿ ಜಿ ಜಿ ಡಿ ಇ ಸಿ ಜಿ ಡಿ. ಕಾಲು: ಬಲ ಬಲ ಬಲ ಎಡ ಬಲ ಎಡ ಬಲ ಎಡ.
ಸಾಲು ಮೂರು: ಜಿ ಡಿ ಜಿ ಡಿ ಇ ಸಿ ಡಿ, ಕೊನೆಗೆ ಕೆಳಗಿನ ಜಿ. ಕಾಲು: ಬಲ ಎಡ ಬಲ ಎಡ ಬಲ ಎಡ ಬಲ ಎಡ.
ಸಾಲು ನಾಲ್ಕು: ಕೆಳಗಿನ ಜಿ, ಮತ್ತೆ ಅದೇ ಜಿ, ಇ ಡಿ, ಮೇಲಿನ ಎ, ಡಿ ಡಿ, ಮೇಲಿನ ಜಿ. ಕಾಲು: ಎಡ ಎಡ ಬಲ ಎಡ ಬಲ ಎಡ ಎಡ ಬಲ.

ಮಾಮೂಲಿ ಜಿ ಅಂದರೆ ಎಡದಿಂದ 20ನೇ ಪೆಡಲ್, ಬಿ 12, ಸಿ 13, ಡಿ 15, ಇ 17. ಕೆಳಗಿನ ಜಿ 8, ಮೇಲಿನ ಎ 22. ತೊಡಕು ಇರೋದು ಒಂದೇ ಕಡೆ: ನಾಲ್ಕನೇ ಸಾಲಲ್ಲಿ ಬಲಗಾಲು ಇ ಹಿಡಿದಿರುವಾಗಲೇ ಎಡಗಾಲು ಕೆಳಗಿನ ಜಿ ಬಿಟ್ಟು ಡಿ ಮೇಲೆ ಬಂದು ಕೂತಿರಬೇಕು. ಒತ್ತೋ ಕ್ಷಣಕ್ಕೆ ಹುಡುಕಿದರೆ ತಡವಾಯ್ತು. ಕೊನೇಗೆ ಡಿ ಎರಡು ಸಲ ಬರೋದನ್ನೂ ಕೈಯಂತೆ ಬಿಡಿಸಿ ಒತ್ತಿ. ಡಿ, ಇ ಅಕ್ಕಪಕ್ಕ ಆದ್ದರಿಂದ ಪಾದಗಳು ಡಿಕ್ಕಿಯಾಗತ್ತೆ, ಬಲಗಾಲು ಸ್ವಲ್ಪ ಮುಂದೆ, ಎಡಗಾಲು ಸ್ವಲ್ಪ ಹಿಂದೆ ಇರಲಿ.

ಅಭ್ಯಾಸದ ಕ್ರಮ ಹೇಳಿಬಿಡ್ತೀನಿ. ಪೆಡಲ್ ಒಂದೇ. ಆಮೇಲೆ ಪೆಡಲ್ ಜೊತೆ ಬಲಗೈ ರಾಗ. ಆಮೇಲೆ ಪೆಡಲ್ ಜೊತೆ ಎಡಗೈ ಟೆನರ್. ಕಷ್ಟ ಇದೇ, ಕೀಬೋರ್ಡಲ್ಲಿ ಬೇಸ್ ಹಿಡಿದು ಹಿಡಿದು ಎಡಗೈ ಕಾಲಿನ ಹಿಂದೆ ಓಡತ್ತೆ. ಈ ಹಂತಕ್ಕೆ ಹೆಚ್ಚು ಸಮಯ ಕೊಡಿ, ವೇಗ 50, ಪೆಡಲಿನಲ್ಲಿ 16 ಬಿಟ್ಟು 8 ಅಡಿ ಮಾತ್ರ ಇಟ್ಟುಕೊಳ್ಳಿ, ತಪ್ಪು ಸ್ಪಷ್ಟವಾಗಿ ಕೇಳತ್ತೆ. ನಾಲ್ಕೂ ಸೇರಿಸೋದು ಕೊನೆಗೆ.

ಪಲ್ಲವಿ_ಸಾಕು ಉತ್ತರ:

ನಂದಿ ಅವರ ಕಾಲಿನ ಪಾಠ ಸರಿ. ಆದರೆ ಮುಂದಿನ ಭಾನುವಾರವೇ ಪೆಡಲ್ ಹಾಕಿ ನುಡಿಸೋದಕ್ಕೆ ನನ್ನ ವಿರೋಧ ಇದೆ. ಕಾಲು ಹುಡುಕುವ ಕ್ಷಣದಲ್ಲಿ ಕೈ ನಿಲ್ಲತ್ತೆ, ಕೈ ನಿಂತರೆ ಸಭೆ ನಿಲ್ಲತ್ತೆ. ಎಳೆತ ಓಡಿಸೋಕೆ ಹೋಗಿ ಎಳೆತ ತಂದಂತಾಗತ್ತೆ. ಪೆಡಲ್ ಕೈಬಿಟ್ಟು ನಾಲ್ಕು ಭಾಗವನ್ನೂ ಎರಡು ಕೈಯಲ್ಲೇ ನುಡಿಸಿದರೆ ಹಾಡಿಗೆ ಯಾವ ಕುಂದೂ ಇಲ್ಲ. ಕೆಲವು ಆರ್ಗನ್‌ನಲ್ಲಿ ಬೇಸ್ ಕಪ್ಲರ್ ಅಂತ ಇರತ್ತೆ, ಕೈಯಲ್ಲಿ ಒತ್ತಿದ ಅತಿ ಕೆಳಗಿನ ಸ್ವರವನ್ನ ಅದೇ ಪೆಡಲಿಗೆ ಕಳಿಸತ್ತೆ. ಇದ್ದರೆ ಹಾಕಿ. ಕಾಲು ತಾನಾಗಿ ಹೋಗೋಕೆ ಶುರುವಾದಮೇಲೆ ಮೊದಲು ಸಾಲಿನ ಕೊನೆಯ ಎರಡು ಸ್ವರಕ್ಕೆ ಮಾತ್ರ ಪೆಡಲ್ ಕೊಡಿ, ಆಮೇಲೆ ಪೂರ್ತಿ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ, ಕನ್ನಡದ ಪದ. ಈ ರಾಗ 1551ರ ಜಿನೀವಾ ಕೀರ್ತನೆ ಪುಸ್ತಕದ್ದು, ಲೂಯಿ ಬೂರ್ಜ್ವಾ ಹೊಂದಿಸಿದ್ದು ಅಂತ ಹೇಳ್ತಾರೆ. ಅಲ್ಲಿ ಅದು 134ನೇ ಕೀರ್ತನೆಗಿತ್ತು, ಇಂಗ್ಲಿಷಿನವರು 100ಕ್ಕೆ ಹಾಕಿಕೊಂಡರು, ಹೆಸರು ಅಲ್ಲಿಂದ ಬಂತು. ಇಂಗ್ಲಿಷ್ ಸಾಲು ಹಗುರ ಅಕ್ಷರದಿಂದ ಶುರುವಾಗಿ ಎರಡನೆಯದರ ಮೇಲೆ ಭಾರ ಹಾಕತ್ತೆ. ಕನ್ನಡದ ಮಾತು ಮೊದಲ ಅಕ್ಷರದಲ್ಲೇ ಊರತ್ತೆ. ಸಮ ಉದ್ದದ ಎಂಟು ಸ್ವರವಾಗಿ ಇಂಗ್ಲಿಷ್ ತಾಳದಲ್ಲಿ ನುಡಿಸಿದರೆ ನಮ್ಮ ಸಭೆ ಮೊದಲ ಅಕ್ಷರದಲ್ಲಿ ತಾನಾಗೇ ನಿಲ್ಲತ್ತೆ. ನೀವು ಅದನ್ನ ಎಳೆತ ಅಂದುಕೊಳ್ತೀರಿ. ಜಿನೀವಾದ ಮೂಲ ತಾಳದಲ್ಲಿ ಮೊದಲ ಸ್ವರಕ್ಕೇ ಎರಡು ಎಣಿಕೆ ಇದೆ! ಮೊದಲ ಮೂರು ಸಾಲು ಹೀಗೆ: ಎರಡು, ಒಂದು ಒಂದು ಒಂದು ಒಂದು, ಎರಡು ಎರಡು ಎರಡು. ಒಟ್ಟು 12 ಎಣಿಕೆ. ವೇಗ ಮಾತ್ರ 100ರ ಆಸುಪಾಸು ಇಡಬೇಕು, 72 ಇಟ್ಟರೆ ಉಸಿರು ಸಾಲಲ್ಲ. ಗಾಯನವೃಂದಕ್ಕೆ ಮೊದಲು ಕಲಿಸಿ ನೋಡಿ. ಕನ್ನಡಕ್ಕೆ ಹೇಳಿ ಮಾಡಿಸಿದ ಹಾಗಿರತ್ತೆ ಅನ್ನೋದು ನನ್ನ ಅಭಿಪ್ರಾಯ.

ಎಂಟು ಸ್ವರಕ್ಕೆ ಒಂಬತ್ತೋ ಹತ್ತೋ ಅಕ್ಷರ ತುರುಕಿರೋ ಚರಣಗಳೂ ಇರತ್ತೆ. ಅಲ್ಲಿ ಹೆಚ್ಚಿನ ಅಕ್ಷರಕ್ಕೆ ಮೇಲಿನ ರಾಗವನ್ನ ಮಾತ್ರ ಮತ್ತೆ ಒತ್ತಿ, ಉಳಿದ ಮೂರು ಭಾಗ ಹಿಡಿದೇ ಇರಲಿ. ಯಾವ ಚರಣದ ಯಾವ ಸಾಲು ಅಂತ ಪುಸ್ತಕದಲ್ಲಿ ಪೆನ್ಸಿಲಲ್ಲಿ ಗುರುತು ಹಾಕಿ.

ಶ್ರುತಿ ಜಿ ಮೇಜರ್ ಇರಲಿ, ಮೇಲಿನ ಡಿ ದಾಟಲ್ಲ. ಬೆಳಗಿನ ಮೊದಲ ಆರಾಧನೆಗೆ ಎಫ್ ಇನ್ನೂ ಹಿತ. ಎ ಮೇಜರ್ ಆದರೆ ನಾಲ್ಕನೇ ಸಾಲು ಶುರುವಾಗೋದೇ ಮೇಲಿನ ಇ ಇಂದ, ಅಲ್ಲಿ ಅರ್ಧ ಸಭೆ ಬಾಯಿ ಮುಚ್ಚತ್ತೆ.

ಕೋಲಾರ_ಕೀಬೋರ್ಡ್:

ತುಂಬಾ ಉಪಕಾರ. ಕೈಸಾಲಿನಲ್ಲಿ 16 ಎಳೆದೇ ಇತ್ತು, ತೆಗೆದಮೇಲೆ ಅರ್ಧ ಕಲಸು ಹೋಯ್ತು. ಮೂರು ಸಣ್ಣ ಪ್ರಶ್ನೆ. ಮುನ್ನುಡಿ ಎಷ್ಟು ನುಡಿಸಬೇಕು? ತಬಲಾ, ಢೋಲಕ್ ಜೊತೆಗಿರಬಹುದಾ? ವೆಸ್ಟ್ರಿಯಲ್ಲಿ (ಚರ್ಚಿನ ಪಕ್ಕದ ಕೋಣೆ) ಕಾಲಲ್ಲಿ ತುಳಿಯೋ ಹಳೇ ಹಾರ್ಮೋನಿಯಂ ಒಂದಿದೆ, ಎಡಗಡೆ ಅರ್ಧ ಕೀ ಮೂಕ, ಮಧ್ಯದಲ್ಲೊಂದು ಕೀ ಒತ್ತದೇ ಕೂಗತ್ತೆ. ಬುಧವಾರದ ಪ್ರಾರ್ಥನಾ ಕೂಟಕ್ಕೆ ಅದನ್ನ ಬಳಸಬಹುದಾ?

ತುಮಕೂರು_ಸ್ವರ:

ಮುನ್ನುಡಿಗೆ ಮೊದಲ ಸಾಲು, ಕೊನೆಯ ಸಾಲು. ಹಾಡಬೇಕಾದ ವೇಗದಲ್ಲೇ, ಹಾಡಬೇಕಾದ ಸ್ಟಾಪ್‌ಗಳಲ್ಲೇ. ಮುನ್ನುಡಿಯ ಕೊನೆಯಲ್ಲಿ ನಿಧಾನ ಮಾಡೋದು ಎಲ್ಲರಿಗೂ ಇರೋ ಚಟ. ಸಭೆ ಆ ನಿಧಾನವನ್ನೇ ವೇಗ ಅಂತ ಎತ್ತಿಕೊಳ್ಳತ್ತೆ. ಚರಣದ ಕೊನೆಯ ಸ್ವರಮೇಳ ಮೂರು ಎಣಿಕೆ ಹಿಡಿದು ಒಂದು ಎಣಿಕೆ ಪೂರ್ತಿ ಮೌನ, ತಕ್ಷಣ ಮುಂದಿನ ಚರಣ. ಪ್ರತಿ ಸಲ ಅಷ್ಟೇ. ಒಮ್ಮೆ ಎರಡು, ಒಮ್ಮೆ ಐದು ಆದರೆ ಯಾರಿಗೂ ಯಾವಾಗ ಬಾಯಿ ತೆರೀಬೇಕು ಗೊತ್ತಾಗಲ್ಲ. ನಿಧಾನ ಮಾಡಲೇಬೇಕು ಅನ್ನಿಸಿದರೆ ಕೊನೇ ಚರಣದ ಕೊನೇ ಸಾಲು ಇದೆ. ಆಮೆನ್‌ಗೆ ಸಿ ಮೇಜರ್, ಜಿ ಮೇಜರ್, ರಾಗದ ಜಿ ಎರಡರಲ್ಲೂ ಅದೇ.

ತಬಲಾ ಈ ರಾಗಕ್ಕೆ ಬೇಡ ಅನ್ನೋದು ನನ್ನ ಮಾತು. ಸಾಲಿನ ಕೊನೆಯ ಉಸಿರನ್ನ ಠೇಕಾ (ತಬಲಾದ ಬಿಡದೆ ನಡೆಯೋ ತಾಳ) ತುಂಬಿಬಿಡತ್ತೆ. ಕನ್ನಡ ರಾಗದ ಕೀರ್ತನೆಗಳಿಗೆ ತಬಲಾ ಇರಲಿ, ಆಗ ಆರ್ಗನ್ ಸುಮ್ಮನಿರಲಿ.

ಪಲ್ಲವಿ_ಸಾಕು:

ತಬಲಾ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು ಬೇಡ. ಠೇಕಾ ಬಿಟ್ಟು ಸಾಲಿನ ಮೊದಲ ಸ್ವರಕ್ಕೆ ಮಾತ್ರ ಒಂದು ಪೆಟ್ಟು ಕೊಟ್ಟರೆ 300 ಜನ ಇರುವಾಗ ಸಹಾಯವೇ ಆಗತ್ತೆ. ನುಡಿಸುವವರು ಕೊನೆಯ ಬೆಂಚಲ್ಲಿ ಅಲ್ಲ, ಆರ್ಗನ್ ಪಕ್ಕದಲ್ಲೇ ಕೂರಬೇಕು.

ಗಣಿ_ಊರು (ಕೆಜಿಎಫ್) ಉತ್ತರ:

ತುಳಿಯೋ ಹಾರ್ಮೋನಿಯಂ ಬಗ್ಗೆ. ಎಡಗಡೆ ಅರ್ಧ ಮೂಕ ಅಂದರೆ ಮುಕ್ಕಾಲು ಪಾಲು ಅದು ಕೆಟ್ಟಿಲ್ಲ. ಇವುಗಳ ಸ್ಟಾಪ್ ಕೀಬೋರ್ಡಿನ ನಡುವೆ ಎರಡು ಭಾಗ ಆಗಿರತ್ತೆ, ಎಡಭಾಗಕ್ಕೊಂದು ಗುಂಡಿ, ಬಲಭಾಗಕ್ಕೊಂದು. ಬಲದ್ದು ಮಾತ್ರ ಎಳೆದರೆ ಎಡಗಡೆ ಗಾಳಿಯೇ ಹೋಗಲ್ಲ. ಎರಡೂ ಕಡೆ 8 ಅಡಿಯ ಜೋಡಿ ಎಳೆದು ತುಳಿದು ನೋಡಿ.

ಒತ್ತದೇ ಕೂಗೋ ಕೀಗೆ ಕಾರಣ ಎರಡು ಮೂರು. ಮಳೆಗಾಲದಲ್ಲಿ ಮರ ಉಬ್ಬಿ ಕೀ ಪಕ್ಕದ ಕೀಗೆ ಉಜ್ಜಿಕೊಂಡು ಮೇಲೆ ಬರದೇ ಇರಬಹುದು. ಕೀ ಕೆಳಗಿನ ಗಾಳಿಮುಚ್ಚಳದ ಚರ್ಮಕ್ಕೆ ಕಸ ಸಿಕ್ಕಿ ಪೂರ್ತಿ ಮುಚ್ಚದೇ ಇರಬಹುದು. ಸ್ಪ್ರಿಂಗ್ ಸೋತಿರಬಹುದು. ಕೀ ಕೈಯಲ್ಲಿ ಮೇಲಕ್ಕೆತ್ತಿದಾಗ ನಿಂತರೆ ಮೊದಲನೆಯದು. ನಿಲ್ಲದಿದ್ದರೆ ಮುಚ್ಚಳವೋ ಸ್ಪ್ರಿಂಗೋ. ಬೇರೆ ಯಾವುದಾದರೂ ಒಂದು ಸ್ವರ ಪೂರ್ತಿ ಮೂಕವಾಗಿದ್ದರೆ ರೀಡಿನ (ಗಾಳಿಗೆ ನಡುಗಿ ಸ್ವರ ಕೊಡೋ ಹಿತ್ತಾಳೆ ಪಟ್ಟಿ) ನಾಲಿಗೆಗೆ ಧೂಳು ಸಿಕ್ಕಿದೆ ಅಂತ. ಗಾಳಿ ಒಳಗೆ ಎಳೆಯೋ ಬಗೆಯ ಹಾರ್ಮೋನಿಯಂ ಕೋಣೆಯ ಧೂಳನ್ನೂ ರೀಡಿನ ಮೂಲಕವೇ ಎಳೆಯತ್ತೆ, ನಮ್ಮ ಒಣ ಜಿಲ್ಲೆಯಲ್ಲಿ ಧೂಳಿಗೇನು ಬರ. ಹಿಂಬದಿಯ ಹಲಗೆ ಬಿಚ್ಚಿ, ರೀಡನ್ನ ಕೊಕ್ಕೆಯಿಂದ ನೇರಕ್ಕೆ ಎಳೆದು, ಮೃದು ಬ್ರಷ್‌ನಲ್ಲಿ ಬುಡದಿಂದ ತುದಿ ಕಡೆಗೆ ಒರೆಸಿ ಅದೇ ಜಾಗಕ್ಕೆ ಇಡಿ. ಒಂದು ಸಲಕ್ಕೆ ಒಂದೇ ರೀಡ್, ಅದಲುಬದಲಾದರೆ ಗೋಳು. ಬ್ಲೇಡು, ಉಪ್ಪುಕಾಗದ ಮುಟ್ಟಿಸಬೇಡಿ. ನಾಲಿಗೆ ತುದಿ ಕೆರೆದರೆ ಶ್ರುತಿ ಏರತ್ತೆ, ಬುಡ ಕೆರೆದರೆ ಇಳಿಯತ್ತೆ, ಕೆರೆದ ಹಿತ್ತಾಳೆ ವಾಪಸ್ ಬರಲ್ಲ. ಒಳಗೆ ಫೆಲ್ಟಿಗೆ ನುಸಿ, ತಿದಿಗೆ ಇಲಿ. ಒಂದು ಸಣ್ಣ ಬಟ್ಟೆಗಂಟಲ್ಲಿ ನುಸಿಗುಳಿಗೆ ಕಟ್ಟಿ ಒಳಗಿಡಿ, ಇಲಿ ನುಗ್ಗೋ ಕಡೆ ತಂತಿಬಲೆ ಹೊಡೀರಿ.

ತುಳಿಯೋದು ಎಡ ಬಲ ಒಂದೇ ಸಮ, ಹಾಡಿನ ತಾಳಕ್ಕೆ ತುಳಿಯಬಾರದು. ತಾಳಕ್ಕೆ ತುಳಿದರೆ ನಾದ ಉಬ್ಬಿ ಉಬ್ಬಿ ಬರತ್ತೆ. ಮಂಡಿಯಿಂದ ಒತ್ತೋ ಹಲಗೆ ಇದ್ದರೆ ಒಂದು ಸದ್ದು ತೆರೆಯೋದು, ಇನ್ನೊಂದು ಎಲ್ಲಾ ಸ್ಟಾಪ್ ಒಟ್ಟಿಗೆ ಎಳೆಯೋದು. ಯಾವುದು ಎಡ ಯಾವುದು ಬಲ ಅಂತ ಒತ್ತಿ ನೋಡಿಯೇ ತಿಳಿದುಕೊಳ್ಳಿ. ಬುಧವಾರದ 20 ಜನಕ್ಕೆ ಇದಕ್ಕಿಂತ ಒಳ್ಳೇದಿಲ್ಲ. ಡಿಜಿಟಲ್ ಆರ್ಗನ್ ಜೊತೆ ಮಾತ್ರ ಸೇರಿಸಿ ನುಡಿಸಬೇಡಿ, ಎರಡರ ಶ್ರುತಿ ಸಾಮಾನ್ಯವಾಗಿ ಕೂಡಲ್ಲ.

ಕರೆಂಟ್ ಬಗ್ಗೆ ಯಾರೂ ಹೇಳಲಿಲ್ಲ. ಶಿವನಸಮುದ್ರದಿಂದ 1902ರಲ್ಲೇ ಕರೆಂಟ್ ಬಂದ ಜಿಲ್ಲೆ ನಮ್ಮದು, ಅದು ಭಾನುವಾರ ಬೆಳಗ್ಗೆಯೇ ಹೋಗೋದು ಬೇರೆ ವಿಷಯ. ಆರ್ಗನ್‌ಗೆ ಸ್ಟೆಬಿಲೈಜರ್ ಕಡ್ಡಾಯ. ಇನ್ವರ್ಟರ್‌ಗೆ ಹಾಕೋದಾದರೆ ಸೈನ್ ವೇವ್ ಇರೋದನ್ನೇ ನೋಡಿ, ಸ್ಕ್ವೇರ್ ವೇವ್‌ನದು ಸ್ಪೀಕರಲ್ಲಿ ಗುಂಯ್ ಅನ್ನತ್ತೆ. ಕರೆಂಟ್ ಹೋಗಿ ಬಂದರೆ ಆರ್ಗನ್ ಮತ್ತೆ ಎದ್ದೇಳೋಕೆ ಕೆಲವು ಸೆಕೆಂಡ್ ಬೇಕು, ಎಳೆದಿದ್ದ ಸ್ಟಾಪ್‌ಗಳೂ ಹೋಗಿರತ್ತೆ. ಪಿಸ್ಟನ್ 1 ಒತ್ತಿ ಮುಂದುವರಿಸಿ. ಅಷ್ಟರಲ್ಲಿ ಸಭೆ ಹಾಡೋದು ನಿಲ್ಲಿಸಲ್ಲ, ಅವರು ಯಾವ ಸಾಲಲ್ಲಿದ್ದಾರೋ ಅಲ್ಲಿ ಕಾಯ್ದು ಮುಂದಿನ ಸಾಲಿನ ಮೊದಲ ಸ್ವರಕ್ಕೆ ಸೇರಿಕೊಳ್ಳಿ, ಮಧ್ಯದಲ್ಲಿ ಹಾರಬೇಡಿ. ಕರೆಂಟಿಲ್ಲದ ಹೊತ್ತಲ್ಲಿ ದನಿ ಅರ್ಧ ಸ್ವರ ಇಳಿದಿದ್ದರೆ ಆ ಚರಣ ಮುಗಿಯೋವರೆಗೂ ಸುಮ್ಮನಿದ್ದುಬಿಡೋದೇ ಮೇಲು.

ಕೋಲಾರ_ಕೀಬೋರ್ಡ್:

ಎರಡೂ ಗುಂಡಿ ಎಳೆದೆ, ಎಡಗಡೆ ಪೂರ್ತಿ ಬಂತು! ಕೂಗೋ ಕೀ ಮೇಲಕ್ಕೆತ್ತಿದರೆ ನಿಲ್ಲತ್ತೆ. ಇನ್ನೊಂದೇ ಪ್ರಶ್ನೆ: ಡಿಜಿಟಲ್ ಆರ್ಗನ್‌ನಲ್ಲಿ ಜಿ ಒತ್ತಿದರೆ ಎ ಕೇಳತ್ತೆ. ರಿಪೇರಿಗೆ ಯಾರನ್ನ ಕರೆಸಲಿ?

ನಂದಿ_ಪಕ್ಕ (ಚಿಕ್ಕಬಳ್ಳಾಪುರ):

ಯಾರನ್ನೂ ಬೇಡ. ಶ್ರುತಿ ಏರಿಸಿ ಇಳಿಸೋ ಟ್ರಾನ್ಸ್‌ಪೋಸ್ ಗುಂಡಿ ಪ್ಲಸ್ 2ರಲ್ಲಿದೆ, ಸೊನ್ನೆಗೆ ತನ್ನಿ. ಪ್ರತಿ ಆರಾಧನೆಗೆ ಮುಂಚೆ ಒಮ್ಮೆ ನೋಡಿ, ಮಕ್ಕಳ ಕೈ ಮೊದಲು ಹೋಗೋದೇ ಅಲ್ಲಿಗೆ. ಕೂಗೋ ಕೀಯ ಎರಡೂ ಪಕ್ಕ ತೆಳು ಕಾರ್ಡ್ ತೂರಿಸಿ ಎಲ್ಲಿ ಹಿಡಿಯತ್ತೆ ನೋಡಿ, ಬಿಸಿಲು ಬಂದ ಎರಡು ವಾರ ಕಾಯಿರಿ, ಮರ ತಾನೇ ಕುಗ್ಗಬಹುದು. ಆಗಲೂ ಹಿಡಿದರೆ ಮಾತ್ರ ಬಡಗಿಯನ್ನ ಕರೆಯಿರಿ.